ಎರಡು ಕೈ, ಎರಡು ಕೊಡಲಿ, ಒಂದೇ ಬೋನಸ್ ಆಕ್ಷನ್

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ನನ್ನ ಮೊದಲ ಬಾರ್ಬೇರಿಯನ್, ಅಂದರೆ ಸಿಟ್ಟಿನ ಬಲದಲ್ಲಿ ಕಾದಾಡುವ ಯೋಧನ ಪಾತ್ರ, ಅವನ ಹೆಸರು ಭೈರ. ಎರಡು ಕೈಯಲ್ಲಿ ಎರಡು ಕೊಡಲಿ, ಮೈಮೇಲೆ ಅಂಗಿ ಇಲ್ಲ, ಬುದ್ಧಿಯೂ ಅಷ್ಟಕ್ಕಷ್ಟೇ. ಇಂಟೆಲಿಜೆನ್ಸ್ ಬರೀ 8. ಮೊದಲ ಕಾಳಗದಲ್ಲಿ ನಾಲ್ಕು ಗಾಬ್ಲಿನ್‌ಗಳು ಎದುರಾದವು. ನಾನು ಕುರ್ಚಿಯಿಂದ ಎದ್ದೇ ನಿಂತು "ರೇಜ್!" ಅಂತ ಕೂಗಿ ರೋಷ ಏರಿಸಿಕೊಂಡೆ, ಬಲಗೈ ಕೊಡಲಿ ಬೀಸಿದೆ, ಒಂದು ಗಾಬ್ಲಿನ್ ಬಿತ್ತು. ಎಡಗೈ ಕೊಡಲಿಗೆ ದಾಳ ಎತ್ತಿಕೊಳ್ಳುವಷ್ಟರಲ್ಲಿ ಆಟ ನಡೆಸುವ ಡಿಎಂ ಕೈ ಅಡ್ಡ ಹಿಡಿದ. "ರೇಜ್‌ಗೆ ಬೋನಸ್ ಆಕ್ಷನ್ ಖರ್ಚಾಯ್ತಲ್ಲ, ಇನ್ನೆಲ್ಲಿದೆ?"

ನಾನು ಸುಮ್ನೆ ಕೂತೆ. ಆ ಸಂಜೆಯೆಲ್ಲಾ ಪುಸ್ತಕ ತಿರುವಿ ಹಾಕಿದ ಮೇಲೆ ಗೊತ್ತಾಗಿದ್ದು ಇಷ್ಟೇ: ಎರಡು ಆಯುಧದ ಬಾರ್ಬೇರಿಯನ್ ಕಟ್ಟುವುದು ಅಂದರೆ ಕೊಡಲಿ ಆರಿಸುವ ಕೆಲಸ ಅಲ್ಲ. ಬೋನಸ್ ಆಕ್ಷನ್ ಅನ್ನುವ ಒಂದೇ ಒಂದು ಸಣ್ಣ ನಾಣ್ಯವನ್ನು ಯಾರಿಗೆ ಕೊಡಬೇಕು ಅನ್ನುವ ಲೆಕ್ಕ ಅದು.

ಆಟ ಹೊಸತಾದವರಿಗೆ ಎರಡು ಮಾತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಟ. ಒಬ್ಬ ಡಂಜನ್ ಮಾಸ್ಟರ್, ಅಂದರೆ ಡಿಎಂ, ಕಥೆ ನಡೆಸುತ್ತಾನೆ, ಉಳಿದವರು ತಲಾ ಒಂದು ಪಾತ್ರ ಆಡುತ್ತಾರೆ. ಏಟು ತಾಗಿತೋ ಇಲ್ಲವೋ ಅಂತ 20 ಮುಖದ ದಾಳ ಹೇಳುತ್ತದೆ. ನಾನಿಲ್ಲಿ ಹೇಳುತ್ತಿರುವುದು ಐದನೇ ಆವೃತ್ತಿಯ ಬಗ್ಗೆ. ಅದರಲ್ಲೂ ಎರಡು ರೂಪ ಇವೆ, 2014ರ ನಿಯಮ ಮತ್ತು 2024ರಲ್ಲಿ ತಿದ್ದಿ ತಂದ ನಿಯಮ. ಎಷ್ಟೋ ಗುಂಪುಗಳು ಇನ್ನೂ ಹಳೆಯದನ್ನೇ ಆಡುತ್ತವೆ. ನಮ್ಮ ಈ ವಿಷಯದಲ್ಲಿ ಎರಡಕ್ಕೂ ಅಜಗಜಾಂತರ, ಹಾಗಾಗಿ ಮೊದಲು ನಿಮ್ಮ ಡಿಎಂ ಯಾವುದನ್ನು ಆಡಿಸುತ್ತಿದ್ದಾರೆ ಅಂತ ಕೇಳಿಕೊಳ್ಳಿ.

ನಿಮ್ಮ ಸರದಿ ಬಂದಾಗ ಒಂದು ಆಕ್ಷನ್ ಸಿಗುತ್ತದೆ, ಓಡಾಡುವುದಕ್ಕೆ ಒಂದಿಷ್ಟು ಅಡಿ ಸಿಗುತ್ತದೆ, ಬೇಕಿದ್ದರೆ ಒಂದು ಬೋನಸ್ ಆಕ್ಷನ್, ಅಂದರೆ ಜೊತೆಗೊಂದು ಸಣ್ಣ ಕೆಲಸ. ಒಂದೇ. ಕೂಡಿಡುವ ಹಾಗಿಲ್ಲ, ಸಾಲ ಪಡೆಯುವ ಹಾಗಿಲ್ಲ. ಬಾರ್ಬೇರಿಯನ್ ರೇಜ್‌ಗೆ ಹೋಗುವುದಕ್ಕೆ ಬೋನಸ್ ಆಕ್ಷನ್ ಬೇಕು. 2014ರ ನಿಯಮದಲ್ಲಿ ಎಡಗೈ ಏಟಿಗೂ ಬೋನಸ್ ಆಕ್ಷನ್ನೇ ಬೇಕು. ಭೈರ ಬಿದ್ದ ಹಳ್ಳ ಇದೇ.

ಹಾಗಾದರೆ ಎರಡು ಕೊಡಲಿ ಯಾಕೆ ಬೇಕು? ದೊಡ್ಡದೊಂದು ಗ್ರೇಟ್‌ಆಕ್ಸ್ ಹಿಡಿದು ಹೋಗಬಹುದಲ್ವಾ? ಹೋಗಬಹುದು. ಆದರೆ ರೇಜ್ ಕೆಲಸ ಮಾಡುವ ರೀತಿ ನೋಡಿ. ರೇಜ್‌ನಲ್ಲಿದ್ದಾಗ ಸ್ಟ್ರೆಂತ್ (ಮೈಬಲ) ಬಳಸಿ ಹೊಡೆದ ಪ್ರತಿ ಏಟಿಗೂ +2 ಡ್ಯಾಮೇಜ್ ಸೇರುತ್ತದೆ. 9ನೇ ಲೆವೆಲ್‌ಗೆ ಅದು +3, 16ಕ್ಕೆ +4. ಸರದಿಗೆ ಒಂದು ಸಲ ಅಲ್ಲ, ಪ್ರತಿ ಏಟಿಗೂ. ಎಡಗೈ ಏಟಿಗೆ ನಿಮ್ಮ ಸ್ಟ್ರೆಂತ್ ಮಾಡಿಫೈಯರ್ (ಸ್ಟ್ರೆಂತ್ ಅಂಕದಿಂದ ಬರುವ ಕೂಡಿಕೆ) ಸೇರುವುದಿಲ್ಲ, ಅದು ನಿಯಮ. ಆದರೆ ರೇಜ್‌ನ +2 ಅಲ್ಲೂ ಸೇರುತ್ತದೆ. ಏಟಿನ ಸಂಖ್ಯೆ ಜಾಸ್ತಿ ಆದಷ್ಟೂ ರೇಜ್ ಜಾಸ್ತಿ ದುಡಿಯುತ್ತದೆ.

ಲೆಕ್ಕ ಹಾಕಿಯೇ ಬಿಡೋಣ. 1ನೇ ಲೆವೆಲ್, ಸ್ಟ್ರೆಂತ್ 16, ಅಂದರೆ +3. ಗ್ರೇಟ್‌ಆಕ್ಸ್‌ಗೆ 12 ಮುಖದ ದಾಳ, ಸರಾಸರಿ 6.5. ಅದಕ್ಕೆ 3 ಮತ್ತು 2 ಸೇರಿದರೆ 11.5. ಕೈಗೊಡಲಿಗೆ, ಅಂದರೆ ಹ್ಯಾಂಡ್‌ಆಕ್ಸ್‌ಗೆ, ಆರು ಮುಖದ ದಾಳ, ಸರಾಸರಿ 3.5. ಬಲಗೈಯಲ್ಲಿ 8.5, ಎಡಗೈಯಲ್ಲಿ 5.5, ಒಟ್ಟು 14. ಎರಡು ಕೊಡಲಿಯೇ ಮುಂದು.

ಆದರೆ ಮೊದಲ ರೌಂಡ್‌ನಲ್ಲಿ ಬೋನಸ್ ಆಕ್ಷನ್ ರೇಜ್ ಪಾಲು. ಆಗ ಎರಡು ಕೊಡಲಿಯವನದು ಬರೀ 8.5. ಹತ್ತರಲ್ಲಿ ಆರು ಏಟು ತಾಗುತ್ತವೆ ಅಂತಿಟ್ಟುಕೊಂಡು ಕ್ರಿಟ್ (20 ಬಿದ್ದಾಗಿನ ದೊಡ್ಡ ಏಟು) ಬದಿಗಿಟ್ಟು ಲೆಕ್ಕ ಮಾಡಿದರೆ, ಎರಡು ರೌಂಡ್‌ನಲ್ಲಿ ಮುಗಿಯುವ ಜಗಳದಲ್ಲಿ ಗ್ರೇಟ್‌ಆಕ್ಸ್ 13.8, ಜೋಡಿ ಕೊಡಲಿ 13.5. ಮೂರು ರೌಂಡ್ ಆದರೆ 20.7ಕ್ಕೆ 21.9. ನಾಲ್ಕಾದರೆ 27.6ಕ್ಕೆ 30.3. ಅಂದರೆ ಎರಡನೇ ಕೊಡಲಿ ಮೊದಲ ರೌಂಡ್‌ನ ಸಾಲ ತೀರಿಸಿ ಲಾಭಕ್ಕೆ ಬರುವುದಕ್ಕೆ ಮೂರನೇ ರೌಂಡ್ ಬೇಕು. ನಮ್ಮ ಟೇಬಲ್‌ನಲ್ಲಿ ಬಹಳಷ್ಟು ಜಗಳ ಮೂರಕ್ಕೋ ನಾಲ್ಕಕ್ಕೋ ಮುಗಿಯುತ್ತವೆ, ನಿಮ್ಮಲ್ಲಿ ಎಷ್ಟು ಅಂತ ಎಣಿಸಿ ನೋಡಿ.

ಸರಾಸರಿ ಹೇಳದ ಇನ್ನೊಂದು ಸಂಗತಿ ಇದೆ. 2014ರ ಗಾಬ್ಲಿನ್‌ಗೆ 7 ಎಚ್‌ಪಿ, ಅಂದರೆ ಜೀವದ ಅಂಕ. ಭೈರ ರೇಜ್‌ನಲ್ಲಿದ್ದಾನೆ, ಬಲಗೈ ಏಟು ತಾಗಿದೆ. ದಾಳದಲ್ಲಿ 1 ಬಿದ್ದರೆ 6 ಡ್ಯಾಮೇಜ್, ಗಾಬ್ಲಿನ್ ಒಂದೇ ಒಂದು ಎಚ್‌ಪಿ ಇಟ್ಟುಕೊಂಡು ಹಲ್ಲು ಕಿರಿಯುತ್ತದೆ. 2 ಅಥವಾ ಅದಕ್ಕಿಂತ ಮೇಲೆ ಏನು ಬಿದ್ದರೂ ಸತ್ತ ಹಾಗೇ. ಆರರಲ್ಲಿ ಐದು ಸಲ ಒಂದು ಗಾಬ್ಲಿನ್ ಖತಂ. ಆಮೇಲೆ ಎರಡು ಹೆಜ್ಜೆ ಸರಿದು (ಏಟುಗಳ ಮಧ್ಯೆ ಓಡಾಡಬಹುದು, ಎಷ್ಟೋ ಜನ ಇದನ್ನು ಮರೆತೇಬಿಡುತ್ತಾರೆ) ಎಡಗೈ ಬೀಸಿದರೆ, ತಾಗಿದ ಮೇಲೆ 5 ಅಥವಾ 6 ಬಿದ್ದರೆ ಎರಡನೆಯದೂ ಬೀಳುತ್ತದೆ. ಮೂರರಲ್ಲಿ ಒಂದು ಸಲ. ಗ್ರೇಟ್‌ಆಕ್ಸ್ ಹಿಡಿದವನು ಅದೇ ಗಾಬ್ಲಿನ್‌ಗೆ 15 ಡ್ಯಾಮೇಜ್ ಕೊಟ್ಟು ಬೀಗುತ್ತಾನೆ, ಆದರೆ 7ರ ಮೇಲಿನದೆಲ್ಲಾ ನೆಲಕ್ಕೆ ಹೊಡೆದಂತೆ. ಪುಡಿ ಶತ್ರುಗಳು ಹಿಂಡು ಹಿಂಡಾಗಿ ಬರುವ ಕಡೆ ಸಣ್ಣ ಏಟು ಎರಡು ಇರುವುದು ದೊಡ್ಡ ಏಟು ಒಂದಿರುವುದಕ್ಕಿಂತ ಮೇಲು.

5ನೇ ಲೆವೆಲ್ ಬಂತು ಅಂದರೆ ಕಥೆ ತಿರುಗುತ್ತದೆ. ಎಕ್ಸ್‌ಟ್ರಾ ಅಟ್ಯಾಕ್ ಸಿಗುತ್ತದೆ, ಒಂದು ಆಕ್ಷನ್‌ಗೆ ಎರಡು ಏಟು. ಗ್ರೇಟ್‌ಆಕ್ಸ್‌ನವನಿಗೆ ಒಂದಿದ್ದಿದ್ದು ಎರಡಾಯಿತು, ಜೋಡಿ ಕೊಡಲಿಯವನಿಗೆ ಎರಡಿದ್ದಿದ್ದು ಮೂರು ಮಾತ್ರ. ಸ್ಟ್ರೆಂತ್ 18 ಇಟ್ಟುಕೊಂಡರೆ ಗ್ರೇಟ್‌ಆಕ್ಸ್ 25, ಗ್ರೇಟ್‌ಸ್ವೋರ್ಡ್ 26, ಎರಡು ಕೊಡಲಿ 24.5. ಜೊತೆಗೆ ಮೊದಲ ರೌಂಡ್‌ನ ನಷ್ಟ ಹಾಗೇ ಇದೆ. ಇನ್ನು ದೊಡ್ಡ ಆಯುಧದವನು ಗ್ರೇಟ್ ವೆಪನ್ ಮಾಸ್ಟರ್ ಅನ್ನುವ ಫೀಟ್ (ಆಯ್ದುಕೊಳ್ಳುವ ವಿಶೇಷ ಕೌಶಲ) ತೆಗೆದುಕೊಂಡಿದ್ದರೆ, ಅಂದರೆ ದಾಳದಲ್ಲಿ 5 ಕಳೆದು ಡ್ಯಾಮೇಜ್‌ಗೆ 10 ಕೂಡಿಸುವ ಆ ಕುಖ್ಯಾತ ಹಳೆಯ ಫೀಟ್, ಹೋಲಿಕೆಯೇ ಬೇಡ ಅನ್ನುತ್ತಾರೆ ಜನ. ನಾನು ಹೋಲಿಸಿದೆ. ಎಸಿ (ಏಟು ತಾಗಲು ಮುಟ್ಟಬೇಕಾದ ಅಂಕ) 15ರ ಶತ್ರು, ಇಬ್ಬರೂ ರೆಕ್‌ಲೆಸ್ ಅಟ್ಯಾಕ್ (ಎಚ್ಚರ ಬಿಟ್ಟು ಬೀಸುವ ಏಟು) ಬಳಸಿ ಅಡ್ವಾಂಟೇಜ್‌ನಲ್ಲಿ, ಅಂದರೆ ಎರಡು ದಾಳ ಉರುಳಿಸಿ ದೊಡ್ಡದನ್ನು ಇಟ್ಟುಕೊಂಡು, ಹೊಡೆಯುತ್ತಿದ್ದಾರೆ, ಫೀಟ್ ತೆಗೆದುಕೊಂಡವನ ಸ್ಟ್ರೆಂತ್ 16ರಲ್ಲೇ ನಿಂತಿದೆ. ಅವನ ಸರಾಸರಿ ಸುಮಾರು 25, ಎರಡು ಕೊಡಲಿಯವನದು ಸುಮಾರು 21.5. ಸೋಲು ಹೌದು, ಆದರೆ ಊರು ಬಿಟ್ಟು ಓಡುವಷ್ಟು ಸೋಲಲ್ಲ.

ಇಲ್ಲಿ ಹೊಸಬರು ಮಾಡುವ ದೊಡ್ಡ ತಪ್ಪೊಂದನ್ನು ಹೇಳಿಬಿಡುತ್ತೇನೆ. ಎರಡು ಆಯುಧ ಅಂದ ತಕ್ಷಣ ಚುರುಕುತನ, ಚುರುಕುತನ ಅಂದ ತಕ್ಷಣ ಡೆಕ್ಸ್ಟೆರಿಟಿ ಅಂತ ಯೋಚನೆ ಹೋಗುತ್ತದೆ. ಶಾರ್ಟ್‌ಸ್ವೋರ್ಡ್, ಸಿಮಿಟಾರ್ ಎರಡನ್ನೂ ಡೆಕ್ಸ್‌ನಿಂದ ಹೊಡೆಯಬಹುದು, ಅದು ನಿಜ. ಆದರೆ ಡೆಕ್ಸ್‌ನಿಂದ ಹೊಡೆದ ಏಟಿಗೆ ರೇಜ್‌ನ ಡ್ಯಾಮೇಜ್ ಇಲ್ಲ, ರೆಕ್‌ಲೆಸ್ ಅಟ್ಯಾಕ್‌ನ ಅಡ್ವಾಂಟೇಜ್ ಇಲ್ಲ. ಬಾರ್ಬೇರಿಯನ್ ಆಗಿ ಏನು ಬಂತು ಮತ್ತೆ? ಅವೇ ಆಯುಧಗಳನ್ನು ಸ್ಟ್ರೆಂತ್‌ನಿಂದಲೂ ಹೊಡೆಯಬಹುದು, ಹಾಗೇ ಹೊಡೆಯಿರಿ. ಡೆಕ್ಸ್ ಬೇಕಿರುವುದು ಮುಖ್ಯವಾಗಿ ಎಸಿಗೆ. ಕವಚ ಇಲ್ಲದ ಬಾರ್ಬೇರಿಯನ್‌ನ ಎಸಿ 10 ಕೂಡಿಸು ಡೆಕ್ಸ್ ಮಾಡಿಫೈಯರ್ ಕೂಡಿಸು ಕಾನ್‌ಸ್ಟಿಟ್ಯೂಷನ್ (ಕಾನ್, ಮೈಯ ಗಟ್ಟಿತನ) ಮಾಡಿಫೈಯರ್. ಎರಡೂ ಕೈ ತುಂಬಿರುವುದರಿಂದ ಗುರಾಣಿಯ +2 ಬೇರೆ ಕೈ ತಪ್ಪಿದೆ ಅನ್ನುವುದು ನೆನಪಿರಲಿ. ನಾನಂತೂ ಸ್ಟ್ರೆಂತ್ ಮತ್ತು ಕಾನ್‌ಸ್ಟಿಟ್ಯೂಷನ್ ಎರಡನ್ನೂ 16ಕ್ಕೆ ತರುತ್ತೇನೆ. 2014ರ ಹಾಫ್-ಆರ್ಕ್ ಕುಲದವನಿಗೆ ಇದು ಸಲೀಸು: ಸ್ಟ್ರೆಂತ್‌ಗೆ 14 ಇಟ್ಟು +2, ಕಾನ್‌ಗೆ 15 ಇಟ್ಟು +1, ಉಳಿದ 13 ಡೆಕ್ಸ್‌ಗೆ.

2014ರಲ್ಲಿ ಡ್ಯುಯಲ್ ವೀಲ್ಡರ್ ಅನ್ನುವ ಫೀಟ್ ಇದೆ. ಹೆಸರು ಕೇಳಿದರೆ ನಮಗೇ ಮಾಡಿಸಿದ ಹಾಗಿದೆ. ಎಸಿಗೆ +1, ಲೈಟ್ (ಹಗುರ) ಅಲ್ಲದ ಆಯುಧವನ್ನೂ ಕೈಗೊಂದರಂತೆ ಹಿಡಿಯಬಹುದು, ಎರಡನ್ನೂ ಒಟ್ಟಿಗೆ ಒರೆಯಿಂದ ಎಳೆಯಬಹುದು. ಅಂದರೆ ಕೈಗೊಡಲಿ ಬದಲು ಬ್ಯಾಟಲ್‌ಆಕ್ಸ್, ಆರು ಮುಖದ ದಾಳದ ಬದಲು ಎಂಟು ಮುಖದ್ದು. ಏಟಿಗೆ ಸರಾಸರಿ 1 ಜಾಸ್ತಿ, ಅಷ್ಟೇ. ಅದೇ 4ನೇ ಲೆವೆಲ್‌ನಲ್ಲಿ ಸ್ಟ್ರೆಂತ್ 2 ಏರಿಸಿದರೆ ತಾಗುವ ಅವಕಾಶವೂ ಏರುತ್ತದೆ, ಸ್ಟ್ರೆಂತ್‌ನ ಪರೀಕ್ಷೆಗಳೂ ಸುಧಾರಿಸುತ್ತವೆ. ನನ್ನ ಅಭಿಪ್ರಾಯ ಕೇಳಿದರೆ ಮೊದಲು ಸ್ಟ್ರೆಂತ್, ಫೀಟ್ ಆಮೇಲೆ. 2020ರಲ್ಲಿ ಬಂದ ಫೈಟಿಂಗ್ ಇನಿಷಿಯೇಟ್ ಫೀಟ್ ಇದಕ್ಕಿಂತ ವಾಸಿ, ಅದರಿಂದ ಟೂ-ವೆಪನ್ ಫೈಟಿಂಗ್ ಶೈಲಿ ಪಡೆದರೆ ಎಡಗೈ ಏಟಿಗೂ ಸ್ಟ್ರೆಂತ್ ಸೇರುತ್ತದೆ.

ಉಪವರ್ಗ (ಬಾರ್ಬೇರಿಯನ್‌ನೊಳಗಿನ ಕವಲು) ಆರಿಸುವಾಗಲೂ ಅದೇ ಪ್ರಶ್ನೆ ಕೇಳಿ: ಇದು ನನ್ನ ಬೋನಸ್ ಆಕ್ಷನ್ ಕೇಳುತ್ತದಾ? 2014ರ ಬರ್ಸರ್ಕರ್ ಕೇಳುತ್ತದೆ. ಫ್ರೆಂಜಿಗೆ (ಅದರ ಹುಚ್ಚಾವೇಶ) ಹೋದರೆ ಮುಂದಿನ ಸರದಿಯಿಂದ ಬೋನಸ್ ಆಕ್ಷನ್‌ನಲ್ಲಿ ಇನ್ನೊಂದು ಪೂರ್ತಿ ಏಟು ಸಿಗುತ್ತದೆ, ಸ್ಟ್ರೆಂತ್ ಸಮೇತ. ಅಂದ ಮೇಲೆ ಎಡಗೈ ಕೊಡಲಿ ಯಾಕೆ? ಗ್ರೇಟ್‌ಆಕ್ಸ್‌ನಲ್ಲೇ ಆ ಏಟು ಹಾಕಬಹುದು. ರೇಜ್ ಇಳಿದ ಮೇಲೆ ಎಕ್ಸಾಷನ್ (ಸುಸ್ತು) ಬೇರೆ. ನೋಡಿದ ಕೂಡಲೇ ನಮ್ಮವನು ಅನ್ನಿಸುವ ಬರ್ಸರ್ಕರ್ ನಮಗೆ ತೀರಾ ಒಗ್ಗದ ಉಪವರ್ಗ, ಭೈರ ಅದನ್ನೇ ಆರಿಸಿದ್ದ ಅಂತ ಬೇರೆ ಹೇಳಬೇಕಾ? ಝೀಲಟ್ ಇದಕ್ಕೆ ಉಲ್ಟಾ. ರೇಜ್‌ನಲ್ಲಿ ಪ್ರತಿ ಸರದಿಯಲ್ಲೂ ಮೊದಲು ತಾಗಿದ ಏಟಿಗೆ ಆರು ಮುಖದ ಒಂದು ದಾಳ ಮತ್ತು ಅರ್ಧ ಲೆವೆಲ್‌ನಷ್ಟು ಡ್ಯಾಮೇಜ್ ಹೆಚ್ಚು ಸಿಗುತ್ತದೆ, ಬೋನಸ್ ಆಕ್ಷನ್ ಬೇಡ. ಸರದಿಯಲ್ಲಿ ಒಂದಾದರೂ ತಾಗಬೇಕು, ಅಷ್ಟೇ ಷರತ್ತು. ಒಂದು ಏಟಿಗೆ 60% ಅವಕಾಶ ಇದ್ದರೆ ಎರಡು ಏಟಿನಲ್ಲಿ ಒಂದಾದರೂ ತಾಗುವ ಅವಕಾಶ 84%. ಎರಡು ಕೊಡಲಿಯವನಿಗೆ ಹೇಳಿ ಮಾಡಿಸಿದ ಹಾಗಿದೆ.

ಈಗ 2024ಕ್ಕೆ ಬರೋಣ. ನನ್ನ ಪ್ರಕಾರ ಈ ಹೊಸ ನಿಯಮದಲ್ಲಿ ಅತಿ ಹೆಚ್ಚು ಲಾಭ ಆದವರಲ್ಲಿ ನಮ್ಮವನೂ ಒಬ್ಬ. ಕಾರಣ ಒಂದೇ ಪದ: ನಿಕ್.

ಹೊಸ ನಿಯಮದಲ್ಲಿ ಪ್ರತಿ ಆಯುಧಕ್ಕೂ ಒಂದು ಮಾಸ್ಟರಿ, ಅಂದರೆ ಅದರದೇ ವಿಶೇಷ ಪಟ್ಟು, ಇದೆ. ಬಾರ್ಬೇರಿಯನ್ 1ನೇ ಲೆವೆಲ್‌ನಲ್ಲೇ ಎರಡು ಬಗೆಯ ಆಯುಧದ ಮಾಸ್ಟರಿ ಕಲಿಯುತ್ತಾನೆ. ಎರಡು ಕೈ, ಎರಡು ಮಾಸ್ಟರಿ, ಸರಿಯಾಗಿದೆ. ನಿಕ್ ಇರುವುದು ಬಾಕು, ಲೈಟ್ ಹ್ಯಾಮರ್, ಕುಡುಗೋಲು ಮತ್ತು ಸಿಮಿಟಾರ್‌ಗೆ. ಎಡಗೈ ಏಟು ಬೋನಸ್ ಆಕ್ಷನ್ ಕೇಳದೆ ಆಕ್ಷನ್ ಒಳಗೇ ಸೇರಿಹೋಗುವುದು ನಿಕ್‌ನ ಕೆಲಸ, ಸರದಿಗೆ ಒಂದು ಸಲ. ಅಂದರೆ ಮೊದಲ ರೌಂಡ್‌ನಲ್ಲೇ ಬೋನಸ್ ಆಕ್ಷನ್ ಕೊಟ್ಟು ರೇಜ್, ಆಮೇಲೆ ಬಲಗೈ ಏಟು, ಎಡಗೈ ಏಟು. 8.5 ಅಲ್ಲ, ಪೂರ್ತಿ 14. ಭೈರನಿಗೆ ಅವತ್ತು ಡಿಎಂ ಅಡ್ಡ ಹಿಡಿದ ಕೈ ಈಗಿಲ್ಲ.

ಬಲಗೈಗೆ ಕೈಗೊಡಲಿಯನ್ನೇ ಇಟ್ಟುಕೊಳ್ಳಿ. ಅದರ ಮಾಸ್ಟರಿ ವೆಕ್ಸ್: ತಾಗಿ ಡ್ಯಾಮೇಜ್ ಆದರೆ ಅದೇ ಶತ್ರುವಿನ ಮೇಲಿನ ಮುಂದಿನ ಏಟಿಗೆ ಅಡ್ವಾಂಟೇಜ್. ರೆಕ್‌ಲೆಸ್ ಅಟ್ಯಾಕ್‌ನಿಂದ ಹೇಗೂ ಅಡ್ವಾಂಟೇಜ್ ಸಿಗುತ್ತದಲ್ಲ, ಇದು ದಂಡ ಅಲ್ವಾ ಅಂತ ನೀವು ಕೇಳಬಹುದು. ಎರಡು ಅಡ್ವಾಂಟೇಜ್ ಒಂದರ ಮೇಲೊಂದು ಕೂಡುವುದಿಲ್ಲ, ಅದು ಸರಿ. ಆದರೆ ರೆಕ್‌ಲೆಸ್‌ಗೆ ಬೆಲೆ ಇದೆ, ನಿಮ್ಮನ್ನು ಹೊಡೆಯುವವರಿಗೂ ಅಡ್ವಾಂಟೇಜ್ ಸಿಗುತ್ತದೆ. ಗುರಾಣಿ ಇಲ್ಲದ ಮೈಗೆ ಅದು ಸಣ್ಣ ಬೆಲೆಯಲ್ಲ. ಆರು ಆರ್ಕ್‌ಗಳು ಸುತ್ತುವರಿದಾಗ ರೆಕ್‌ಲೆಸ್ ಬಿಟ್ಟು ವೆಕ್ಸ್ ನಂಬಿಕೊಂಡು ಹೊಡೆಯುವುದು, ಒಬ್ಬನೇ ದೈತ್ಯ ಎದುರಿದ್ದಾಗ ರೆಕ್‌ಲೆಸ್‌ಗೆ ಹೋಗುವುದು, ಇದು ಬಂತು ಅಂದರೆ ಅರ್ಧ ಕಲಿತಂತೆ.

ಎಡಗೈಗೆ ಸಿಮಿಟಾರ್ ಎಲ್ಲಕ್ಕಿಂತ ಒಳ್ಳೆಯದು, ನಿಕ್ ಇರುವ ಆಯುಧಗಳಲ್ಲಿ ಆರು ಮುಖದ ದಾಳ ಇರುವುದು ಅದಕ್ಕೆ ಮಾತ್ರ. ಆದರೆ ಅದರ ಬೆಲೆ 25 ಚಿನ್ನದ ನಾಣ್ಯ. ಬಾರ್ಬೇರಿಯನ್‌ಗೆ ಆರಂಭದ ಸಾಮಾನಿನ ಜೊತೆ (ಗ್ರೇಟ್‌ಆಕ್ಸ್, ನಾಲ್ಕು ಕೈಗೊಡಲಿ, ಪ್ರಯಾಣದ ಗಂಟು) ಸಿಗುವುದು 15 ನಾಣ್ಯ. ಕುಡುಗೋಲು ಒಂದೇ ನಾಣ್ಯಕ್ಕೆ ಬರುತ್ತದೆ. ನಾಲ್ಕು ಮುಖದ ದಾಳ, ಸಿಮಿಟಾರ್‌ಗಿಂತ ಸರಾಸರಿ 1 ಕಡಿಮೆ, ತೊಂದರೆ ಇಲ್ಲ. ಒಂದು ಕೈಯಲ್ಲಿ ಕೊಡಲಿ, ಇನ್ನೊಂದರಲ್ಲಿ ಕುಡುಗೋಲು ಹಿಡಿದು ಹೊಲದಿಂದ ನೇರ ಯುದ್ಧಕ್ಕೆ ಬಂದವನ ಹಾಗೆ ಕಾಣುತ್ತಾನೆ, ನನಗಂತೂ ಆ ಚಿತ್ರ ಬಹಳ ಇಷ್ಟ. ಇನ್ನೂ ಸುಲಭದ ದಾರಿ ಬೇಕಾದರೆ ಗಾಬ್ಲಿನ್‌ಗಳ ಸೊಂಟ ನೋಡಿ. ಅವು ಹಿಡಿದು ಬರುವುದೇ ಸಿಮಿಟಾರ್. ಒಂದನ್ನು ಕೆಡವಿ, ಎತ್ತಿಕೊಳ್ಳಿ.

ಹೊಸ ಡ್ಯುಯಲ್ ವೀಲ್ಡರ್ ಫೀಟ್ ಹಳೆಯದರ ಹಾಗಲ್ಲ, 4ನೇ ಲೆವೆಲ್‌ನಲ್ಲಿ ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು. ಸ್ಟ್ರೆಂತ್ 1 ಏರುತ್ತದೆ, ಹಾಗಾಗಿ 17ರಿಂದ ಶುರು ಮಾಡಿದವರು 18ಕ್ಕೆ ಬರುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಲೈಟ್ ಆಯುಧದಿಂದ ಹೊಡೆದಿದ್ದರೆ ಬೋನಸ್ ಆಕ್ಷನ್‌ನಲ್ಲಿ ಬೇರೆ ಆಯುಧದಿಂದ ಇನ್ನೊಂದು ಏಟು. ನಿಕ್‌ನಿಂದ ಉಳಿಸಿದ ನಾಣ್ಯವನ್ನು ಇಲ್ಲಿ ಖರ್ಚು ಮಾಡುವುದು. 5ನೇ ಲೆವೆಲ್‌ನ ಒಂದು ಸರದಿ ಹೀಗಿರುತ್ತದೆ: ಕೊಡಲಿ, ಕೊಡಲಿ, ನಿಕ್‌ನಿಂದ ಸಿಮಿಟಾರ್, ಬೋನಸ್ ಆಕ್ಷನ್‌ನಿಂದ ಮತ್ತೆ ಸಿಮಿಟಾರ್. ನಾಲ್ಕು ಏಟು. ಮೊದಲೆರಡು 9.5ರಂತೆ 19, ಕೊನೆಯೆರಡು 5.5ರಂತೆ 11, ಒಟ್ಟು 30. ರೇಜ್‌ಗೆ ಹೋಗುವ ರೌಂಡ್‌ನಲ್ಲಿ ಮಾತ್ರ ಮೂರು ಏಟು, 24.5.

ಅದೇ ಲೆವೆಲ್‌ನಲ್ಲಿ ಹೊಸ ಗ್ರೇಟ್ ವೆಪನ್ ಮಾಸ್ಟರ್ ಹಿಡಿದ ಗ್ರೇಟ್‌ಸ್ವೋರ್ಡ್‌ನವನು ಎರಡು ಏಟಿಗೆ 32 ತೆಗೆಯುತ್ತಾನೆ. ಹೌದು, ಕಾಗದದ ಮೇಲೆ ಇನ್ನೂ ಅವನೇ ಒಂದು ಕೈ ಮೇಲು. ಗ್ರೇಟ್‌ಆಕ್ಸ್‌ಗೂ ಈಗ ಕ್ಲೀವ್ ಇದೆ, ಅಕ್ಕಪಕ್ಕ ನಿಂತ ಇಬ್ಬರಲ್ಲಿ ಎರಡನೆಯವನಿಗೂ ಬಾರಿಸುವ ಅವಕಾಶ. ಆದರೆ ಅವನಿಗೆ ಒಂದು ಏಟು ತಪ್ಪಿದರೆ ಅರ್ಧ ಸರದಿ ಹೋಯಿತು. ನಮಗೆ ಒಂದು ತಪ್ಪಿದರೆ ಇನ್ನೂ ಮೂರಿವೆ. ಕ್ರಿಟ್ ಕೂಡ ಹಾಗೇ. ಅಡ್ವಾಂಟೇಜ್‌ನಲ್ಲಿ ಪ್ರತಿ ಏಟಿಗೂ 20 ಬೀಳುವ ಅವಕಾಶ ಹತ್ತಿರ ಹತ್ತಿರ 10%, ನಾಲ್ಕು ದಾಳ ಉರುಳಿಸುವವನು ಎರಡು ಉರುಳಿಸುವವನಿಗಿಂತ ಜಾಸ್ತಿ ಸಲ ಕುಣಿಯುತ್ತಾನೆ. ಕುಣಿತ ಚಿಕ್ಕದು ಅನ್ನುವುದೂ ನಿಜ, ದಾಳ ಚಿಕ್ಕದಲ್ವಾ.

32ಕ್ಕೂ 30ಕ್ಕೂ ಇರುವ ಆ ಎರಡರ ಅಂತರವನ್ನೂ ಮುಚ್ಚಬೇಕು ಅನ್ನುವ ಹಠ ಇದ್ದರೆ ಫೈಟರ್ ಅನ್ನುವ ಇನ್ನೊಂದು ವರ್ಗದ ಒಂದು ಲೆವೆಲ್ ಸೇರಿಸಿ. ಬಾರ್ಬೇರಿಯನ್ 5 ಮುಗಿದ ಮೇಲೆ, ಅದಕ್ಕಿಂತ ಮುಂಚೆ ಬೇಡ, ಎಕ್ಸ್‌ಟ್ರಾ ಅಟ್ಯಾಕ್ ತಡವಾದರೆ ಬಹಳ ನೋವು. ಟೂ-ವೆಪನ್ ಫೈಟಿಂಗ್ ಶೈಲಿಯಿಂದ ನಿಕ್ ಏಟಿಗೂ ಸ್ಟ್ರೆಂತ್ ಸೇರುತ್ತದೆ, 5.5 ಇದ್ದದ್ದು 9.5 ಆಗುತ್ತದೆ, ಒಟ್ಟು ಕನಿಷ್ಠ 34. ಹೊಸ ಬರ್ಸರ್ಕರ್ ಕೂಡ ಈಗ ನಮ್ಮವನೇ. ಫ್ರೆಂಜಿ ಬೋನಸ್ ಆಕ್ಷನ್ ಕೇಳುವುದಿಲ್ಲ, ಎಕ್ಸಾಷನ್ ಇಲ್ಲ. ರೇಜ್‌ನಲ್ಲಿ ರೆಕ್‌ಲೆಸ್ ಆಗಿ ಹೊಡೆದರೆ ಸರದಿಯ ಮೊದಲ ಏಟಿಗೆ, ರೇಜ್ ಬೋನಸ್ ಎಷ್ಟಿದೆಯೋ ಅಷ್ಟು ಆರು ಮುಖದ ದಾಳ ಹೆಚ್ಚು. ಹತ್ತು ವರ್ಷ ಹಿಂದಿನ ಭೈರನ ಆಯ್ಕೆ ಈಗ ಸರಿ ಅನ್ನಿಸಿಕೊಂಡಿದೆ!

ಒಂದೆರಡು ಪುಡಿ ವಿಷಯ. ಹಳೆಯ ನಿಯಮದಲ್ಲಿ ಸರದಿಗೆ ಒಂದೇ ಆಯುಧವನ್ನು ಪುಕ್ಕಟೆ ಎಳೆಯಬಹುದು, ಆದ್ದರಿಂದ ಗುಹೆಗೆ ಕಾಲಿಡುವಾಗಲೇ "ಎರಡೂ ಕೈಯಲ್ಲಿವೆ" ಅಂತ ಡಿಎಂಗೆ ಹೇಳಿಬಿಡಿ. ಹೊಸದರಲ್ಲಿ ಅಟ್ಯಾಕ್ ಆಕ್ಷನ್‌ನ ಪ್ರತಿ ಏಟಿನ ಜೊತೆಗೂ ಒಂದು ಎಳೆಯಬಹುದು, ಈ ತಲೆನೋವಿಲ್ಲ. ಕೊಡಲಿ ಎಸೆಯುವ ಆಸೆ ಇದ್ದವರಿಗೂ ಹಾಗೇ: 2014ರಲ್ಲಿ ಎಸೆದ ಕೊಡಲಿಗೆ ರೇಜ್ ಡ್ಯಾಮೇಜ್ ಸೇರುವುದಿಲ್ಲ, 2024ರಲ್ಲಿ ಸೇರುತ್ತದೆ. ನಿಯಮದ ಮೂಲ ಭಾಗ ಎರಡೂ ಆವೃತ್ತಿಗೆ ಉಚಿತವಾಗಿ ಸಿಗುತ್ತದೆ, ಹಳೆಯದನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಅಡಿ ಬಿಟ್ಟರು. ಆದರೆ ಡ್ಯುಯಲ್ ವೀಲ್ಡರ್ ಅದರಲ್ಲಿಲ್ಲ, ಅದಕ್ಕೆ ಪುಸ್ತಕವೇ ಬೇಕು.

ಇನ್ನು ಯಾವ ನಿಯಮವೂ ಪರಿಹರಿಸದ ಒಂದು ತೊಂದರೆ ಉಳಿದಿದೆ: ಎರಡು ಕೈಗೆ ಎರಡು ಮಂತ್ರದ ಆಯುಧ ಬೇಕು. ಗ್ರೇಟ್‌ಆಕ್ಸ್‌ನವನಿಗೆ +1 ಇರುವ ಒಂದು ಸಿಕ್ಕಿದರೆ ಮುಗಿಯಿತು. ಭೈರನಿಗೆ 4ನೇ ಲೆವೆಲ್‌ನಲ್ಲಿ ಒಂದು +1 ಕೊಡಲಿ ಸಿಕ್ಕಿತು, ಜೋಡಿ ಸಿಗಲೇ ಇಲ್ಲ, ಎಡಗೈಯಲ್ಲಿ ಅಂಗಡಿ ಕೊಡಲಿಯನ್ನೇ ಕೊನೆವರೆಗೂ ಬೀಸಿದ. ಕೊನೆಗೊಮ್ಮೆ ಬಾಯಿಬಿಟ್ಟು ಕೇಳಿದಾಗ ಡಿಎಂ ಹೇಳಿದ್ದು, "ಮೊದಲೇ ಹೇಳಬಾರದಿತ್ತಾ ಮಾರಾಯ, ನಾನು ನಿಧಿಗಳಲ್ಲೆಲ್ಲಾ ನಿನಗೆ ಅಂತ ಗುರಾಣಿ ಇಡುತ್ತಿದ್ದೆ."